ಆ ಎರಡು ಹತ್ತಂಶ ಟ್ಯೂನ್‌ನದಲ್ಲ, ಸಂಜೆ ಗಾಳಿಯದು

ಮ್ಯಾನೇಜರ್ ಡೀಲರ್‌ಗಳಿಗೆ ಕಳಿಸಿದ ಮೇಲ್ ಈಗಲೂ ನನ್ನ ಇನ್‌ಬಾಕ್ಸ್‌ನಲ್ಲಿದೆ. ಹೊಸ ಟ್ಯೂನ್, ಅಂದರೆ ಎಂಜಿನ್ ಕಂಪ್ಯೂಟರ್‌ನ ಹೊಸ ಸೆಟ್ಟಿಂಗ್ ಫೈಲ್, ಹಾಕಿದರೆ ಫೋರ್ಡ್ ಎಫ್-150 ಪಿಕಪ್ ಕ್ವಾರ್ಟರ್ ಮೈಲಿಯಲ್ಲಿ ಎರಡು ಹತ್ತಂಶ ಸೆಕೆಂಡ್ ಬೇಗ ಮುಟ್ಟುತ್ತದೆ ಅಂತ ಅದರಲ್ಲಿ ಬರೆದಿದೆ. ಆ ಮೇಲ್ ಹೋದಾಗ ನಾವಿನ್ನೂ ಡ್ರ್ಯಾಗ್ ಸ್ಟ್ರಿಪ್‌ನಲ್ಲೇ (ನೇರ ಓಟದ ರೇಸ್ ಪಥ) ಇದ್ದೆವು, ಕೊನೆಯ ರನ್ ಬಾಕಿ ಇತ್ತು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನನ್ನದು ಮಿಶಿಗನ್‌ನಲ್ಲಿ ಕ್ಯಾಲಿಬ್ರೇಶನ್ ಕೆಲಸ. ಕಂಪನಿ ಆಫ್ಟರ್‌ಮಾರ್ಕೆಟ್‌ನದು, ಅಂದರೆ ಗಾಡಿ ಕೊಂಡ ಮೇಲೆ ಹಾಕಿಸಿಕೊಳ್ಳುವ ಸರಕಿನದು, ಹೆಚ್ಚಾಗಿ ಪಿಕಪ್ ಟ್ರಕ್‌ಗಳ ಇಸಿಯು (ಎಂಜಿನ್ ಕಂಪ್ಯೂಟರ್) ಫೈಲ್‌ಗಳನ್ನು ಮಾಡುತ್ತೇವೆ. ಡೈನೋ (ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಸ್ಪಾರ್ಕ್ (ಕಿಡಿ ಹಾರುವ ಸಮಯ), ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣ) ಎಲ್ಲ ಕೂರಿಸಿದ ಮೇಲೆ ಮೈಲನ್ ಡ್ರ್ಯಾಗ್‌ವೇಗೆ ಹೋಗಿ ಟೆಸ್ಟ್ ಆಂಡ್ ಟ್ಯೂನ್ ದಿನ (ಸ್ಪರ್ಧೆಯಿಲ್ಲದ ಪರೀಕ್ಷಾ ಓಟದ ದಿನ) ಓಡಿಸಿ ನೋಡುವುದು ವಾಡಿಕೆ. ಈ ಸಲದ ಗಾಡಿ 2018ರ ಎಫ್-150, 3.5 ಲೀಟರ್ ಎಕೋಬೂಸ್ಟ್ ಟರ್ಬೊ ಎಂಜಿನ್, ಹತ್ತು ಗೇರಿನ 10ಆರ್80 ಗೇರ್‌ಬಾಕ್ಸ್. ಕಾರ್ಖಾನೆಯಿಂದ ಬರುವಾಗ 375 ಹಾರ್ಸ್‌ಪವರ್. ಡ್ರೈವರ್ ಕೂತರೆ ಒಟ್ಟು ತೂಕ 5200 ಪೌಂಡ್ ಆಸುಪಾಸು.

ಡೈನೋ ಇರುವಾಗ ಸ್ಟ್ರಿಪ್ ಯಾಕೆ ಅಂತ ಆಫೀಸಿನಲ್ಲೇ ಕೆಲವರು ಕೇಳುತ್ತಾರೆ. ಡೈನೋದಲ್ಲಿ ಗೇರ್ ಲಾಕ್ ಮಾಡಿ ಒಂದೇ ಗೇರಿನಲ್ಲಿ ಪುಲ್ (ಪೂರ್ತಿ ಥ್ರಾಟಲ್‌ನ ಓಟ) ತೆಗೆಯುತ್ತೇವೆ. ಹತ್ತು ಗೇರಿನ ಪೆಟ್ಟಿಗೆ ಪೂರ್ತಿ ಥ್ರಾಟಲ್‌ನಲ್ಲಿ ಒಂದರ ಹಿಂದೊಂದು ಗೇರ್ ಬದಲಿಸುವಾಗ ಇಸಿಯು ಏನು ಮಾಡುತ್ತದೆ ಅನ್ನುವುದು ಅಲ್ಲಿ ಕಾಣುವುದೇ ಇಲ್ಲ. ಎದುರಿಗಿಟ್ಟ ಫ್ಯಾನ್ ಎಷ್ಟೇ ದೊಡ್ಡದಿರಲಿ, ನೂರು ಮೈಲಿ ವೇಗದಲ್ಲಿ ಇಂಟರ್‌ಕೂಲರ್‌ಗೆ (ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಭಾಗ) ಬಡಿಯುವ ಗಾಳಿಯನ್ನು ಕೊಡುವುದಿಲ್ಲ.

ಅವತ್ತಿನ ವೇಳಾಪಟ್ಟಿ ಮ್ಯಾನೇಜರ್ ಮಾಡಿದ್ದು. ಮಾರಾಟದಲ್ಲಿರುವ ಹಳೆಯ ಫೈಲ್, ನಾವು ಎ ಅನ್ನುವುದು, ಮಧ್ಯಾಹ್ನ ಓಡಬೇಕು. ಹೊಸದು, ಸಿ, ಸಂಜೆ ಓಡಬೇಕು, ಯಾಕೆಂದರೆ ವಿಡಿಯೋದವರು ಬರುವುದು ಸಂಜೆಗೆ. ಎರಡನ್ನೂ ಅದಲುಬದಲು ಮಾಡಿ ಓಡಿಸೋಣ ಅಂತ ಹಿಂದಿನ ವಾರವೇ ಹೇಳಿದ್ದೆ. ಪ್ರತಿ ಸಲ ಫ್ಲ್ಯಾಶ್ ಮಾಡುತ್ತ (ಇಸಿಯುಗೆ ಫೈಲ್ ಬರೆಯುತ್ತ) ಕೂತರೆ ಹೊತ್ತು ಹಾಳು ಅಂದರು.

ಮಧ್ಯಾಹ್ನ 30 ಡಿಗ್ರಿ ಬಿಸಿಲು, ಮೈಗಂಟುವ ಸೆಖೆ. ಮೈಲನ್ ಇರುವುದು ಸಮುದ್ರಮಟ್ಟದಿಂದ 700 ಅಡಿ ಎತ್ತರದಲ್ಲಿ, ಆದರೆ ಆ ಹೊತ್ತಿಗೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ತೆಳುವನ್ನು ಎತ್ತರದ ಲೆಕ್ಕದಲ್ಲಿ ಹೇಳುವ ಅಳತೆ, 3000 ಅಡಿಯ ಹತ್ತಿರ. ಸಂಜೆ 18 ಡಿಗ್ರಿಗೆ ಇಳಿದಾಗ ಅದೇ ಜಾಗ 1500 ಅಡಿಯಂತೆ ವರ್ತಿಸುತ್ತದೆ. ಟರ್ಬೊ ಎಂಜಿನ್‌ಗೆ ಗಾಳಿ ತೆಳುವಾದರೆ ದೊಡ್ಡ ನಷ್ಟವಿಲ್ಲ ಅನ್ನುವ ಮಾತಿದೆ. ಅದು ಅರ್ಧ ನಿಜ. ಬೂಸ್ಟ್ ಗುರಿ ಮುಟ್ಟುವುದಕ್ಕೆ ಟರ್ಬೊ ಹೆಚ್ಚು ಸುತ್ತಬೇಕು, ಹೆಚ್ಚು ಸುತ್ತಿದರೆ ಗಾಳಿ ಇನ್ನೂ ಕಾಯುತ್ತದೆ, ಕಾದ ಗಾಳಿ ಒಳಗೆ ಹೋದರೆ ಇಸಿಯು ಸ್ಪಾರ್ಕ್ ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿಯನ್ನು ತಡಮಾಡಿ ಶಕ್ತಿ ಇಳಿಸುತ್ತದೆ. ಓಟದ ಸರದಿಗೆ ಸ್ಟೇಜಿಂಗ್ ಲೇನ್‌ನಲ್ಲಿ ಸಾಲು ನಿಂತು ತೆವಳುವಾಗ ಇಂಟರ್‌ಕೂಲರ್ ಕಾವಲಿಯ ಹಾಗೆ ಕಾದಿರುತ್ತದೆ. ಅದೇ ಬಿಸಿ ಹೊತ್ತುಕೊಂಡು ಗಾಡಿ ಲೈನಿಗೆ ಹೋಗುತ್ತದೆ.

ಮಧ್ಯಾಹ್ನ ಎ ಫೈಲ್‌ನ ಒಳ್ಳೆಯ ಸ್ಲಿಪ್ (ಓಟದ ಸಮಯಗಳ ಚೀಟಿ): ಮೊದಲ 60 ಅಡಿಗೆ 2.02 ಸೆಕೆಂಡ್, ಕ್ವಾರ್ಟರ್ 13.41 ಸೆಕೆಂಡ್, ಟ್ರ್ಯಾಪ್ (ಕೊನೆಯ ವೇಗ) ಗಂಟೆಗೆ 102.6 ಮೈಲಿ. ಸಂಜೆ ಸಿ ಫೈಲ್‌ನದು: 60 ಅಡಿಗೆ 1.95, ಕ್ವಾರ್ಟರ್ 13.19, ಟ್ರ್ಯಾಪ್ 103.9. ವಿಡಿಯೋದವರು ಸ್ಕೋರ್‌ಬೋರ್ಡ್ ತೆಗೆದುಕೊಂಡರು, ಮ್ಯಾನೇಜರ್ ಫೋನ್ ತೆಗೆದರು.

ಸ್ಲಿಪ್ ಓದುವುದು ಗೊತ್ತಿದ್ದವರು ಮೊದಲು ನೋಡುವುದು 60 ಅಡಿಯ ಸಾಲನ್ನು. ಅಲ್ಲಿ ಕಳೆದ ಅಥವಾ ಗಳಿಸಿದ ಸಮಯ ಕೊನೆಗೆ ಒಂದೂವರೆ ಪಟ್ಟಾಗಿ ಇಟಿಗೆ (ಕ್ವಾರ್ಟರ್ ಮೈಲಿಯ ಒಟ್ಟು ಸಮಯ) ಬಂದು ಸೇರುತ್ತದೆ ಅನ್ನುವುದು ಸ್ಟ್ರಿಪ್‌ನ ಹಳೆಯ ಲೆಕ್ಕ. ಎರಡು ಸ್ಲಿಪ್‌ಗಳ ಇಟಿಯ ನಡುವಿನ ಆ 0.22ರಲ್ಲಿ ಹತ್ತಿರ ಹತ್ತಿರ ಅರ್ಧ ಹೋಯಿತು ಅಲ್ಲಿಗೆ, ಅದಕ್ಕೂ ಟ್ಯೂನ್‌ಗೂ ಸಂಬಂಧ ಕಡಿಮೆ. ಟೈರ್ ಹಿಡಿತ, ಬ್ರೇಕ್ ಒತ್ತಿ ಎಷ್ಟು ಬೂಸ್ಟ್ ಕಟ್ಟಿಕೊಂಡು ಬಿಟ್ಟರು, ಗಾಡಿ ಆರಂಭದ ಗೆರೆಯ ಬೆಳಕಿನ ಬೀಮ್‌ನಲ್ಲಿ ಎಷ್ಟು ಮುಂದೆ ನಿಂತಿತ್ತು ಇವೆಲ್ಲ ಆ ಸಾಲಿನಲ್ಲೇ ಕೂತಿರುತ್ತವೆ. ಗಡಿಯಾರ ಶುರುವಾಗುವುದು ಹಸಿರು ದೀಪಕ್ಕಲ್ಲ, ಮುಂದಿನ ಟೈರ್ ಸ್ಟೇಜ್ ಬೀಮ್ ಬಿಟ್ಟಾಗ. ಪಿಕಪ್‌ನ ಟೈರ್ ದೊಡ್ಡದು, ಹಾಗಾಗಿ ಟೈರ್ ಸ್ಟೇಜ್ ಬೀಮ್ ಮುಟ್ಟಿತು ಅಂತ ತೋರಿಸುವ ಎರಡನೇ ಬಲ್ಬ್ ಆಗತಾನೇ ಹತ್ತಿದಾಗ ನಿಂತರೆ ಗಡಿಯಾರ ಶುರುವಾಗುವ ಮೊದಲೇ ಗಾಡಿಗೆ ಸ್ವಲ್ಪ ಓಟ ಸಿಕ್ಕಿರುತ್ತದೆ. ಇನ್ನೂ ಒಳಕ್ಕೆ ತೂರಿ ನಿಂತರೆ ಅದು ಸಿಗುವುದಿಲ್ಲ. ಅದೇ ಗಾಡಿ, ಅದೇ ಫೈಲ್, ಇಟಿ ಮಾತ್ರ ಬೇರೆ.

ಟ್ರ್ಯಾಪ್ ಸ್ಪೀಡ್ ಕೊನೆಯ 66 ಅಡಿಯಲ್ಲಿ ಅಳೆಯುವುದು, ಅದಕ್ಕೆ ಲಾಂಚ್‌ನ ಪ್ರಭಾವ ಕಡಿಮೆ. ನಾವು ಎಂಜಿನ್ ಶಕ್ತಿಯನ್ನು ಅಂದಾಜು ಮಾಡುವುದು ಅದರಿಂದಲೇ: ಟ್ರ್ಯಾಪ್ ಸ್ಪೀಡನ್ನು 234ರಿಂದ ಭಾಗಿಸಿ, ಬಂದದ್ದರ ಘನವನ್ನು ತೂಕದಿಂದ ಗುಣಿಸುವುದು. ನಮ್ಮ ತೂಕಕ್ಕೆ ಒಂದು ಮೈಲಿ ಅಂದರೆ 13 ಹಾರ್ಸ್‌ಪವರ್ ಆಸುಪಾಸು. ಸಂಜೆ ಸಿಕ್ಕ 1.3 ಮೈಲಿ ಸುಮಾರು 17 ಹಾರ್ಸ್‌ಪವರ್. ಹನ್ನೆರಡು ಡಿಗ್ರಿ ತಂಪು ಅಷ್ಟನ್ನು ಸುಮ್ಮನೆ ಕೊಟ್ಟಿರಬಹುದು ಅನ್ನುವ ಅನುಮಾನ ನನಗೆ ಬಲವಾಗಿತ್ತು. ಅನುಮಾನ ತೀರಿಸಿಕೊಳ್ಳುವ ದಾರಿ ಒಂದೇ. ಅದೇ ತಂಪಿನಲ್ಲಿ ಎ ಫೈಲನ್ನು ಮತ್ತೆ ಓಡಿಸಬೇಕು.

ಮ್ಯಾನೇಜರ್‌ಗೆ ಹೇಳಿದೆ. "ನಂಬರ್ ಸಿಕ್ಕಿತಲ್ಲ, ಇನ್ನೇನು? ಪ್ಯಾಕ್ ಮಾಡಿ" ಅಂದರು. ಲೇನ್ ಮುಚ್ಚಲು ಇನ್ನು ಸ್ವಲ್ಪವೇ ಹೊತ್ತು ಅಂತ ಮೈಕಿನಲ್ಲಿ ಕೂಗುತ್ತಿದ್ದರು. ಫೈಲ್ ಬಿಡುಗಡೆಗೆ ಸಹಿ ಹಾಕುವವನು ನಾನು, ಒಂದು ರನ್ ಆಗದೆ ಸಹಿ ಹಾಕಲ್ಲ ಅಂದೆ. ಅವರು ಏನೂ ಅನ್ನದೆ ವಿಡಿಯೋದವರ ಕಡೆ ನಡೆದರು.

ಪಿಟ್‌ನಲ್ಲಿ (ಗಾಡಿ ನಿಲ್ಲಿಸಿ ಕೆಲಸ ಮಾಡುವ ಜಾಗ) ನಿಂತು ಫ್ಲ್ಯಾಶ್ ಮಾಡಿದರೆ ಸಾಲು ತಪ್ಪುತ್ತದೆ. ಹಾಗಾಗಿ ಲೇನ್‌ನಲ್ಲೇ ಮಾಡಿದೆವು. ಈ ಕೆಲಸ ಮಾಡಿದವರಿಗೆ ಗೊತ್ತು, ಫ್ಲ್ಯಾಶ್ ನಡೆಯುವಾಗ ವೋಲ್ಟೇಜ್ ಕುಸಿದರೆ ಇಸಿಯು ಸತ್ತು ಮಲಗುತ್ತದೆ, ಆಮೇಲೆ ಟ್ರಕ್ ಮನೆಗೆ ಹೋಗುವುದು ಫ್ಲ್ಯಾಟ್‌ಬೆಡ್ ಮೇಲೆ. ಅಂಗಡಿಯಲ್ಲಿ ಚಾರ್ಜರ್ ಸಿಕ್ಕಿಸದೆ ನಾವು ಫ್ಲ್ಯಾಶ್ ಮಾಡುವುದೇ ಇಲ್ಲ. ಇಲ್ಲಿ ಜಂಪ್ ಪ್ಯಾಕ್ (ಕೈಯಲ್ಲಿ ಒಯ್ಯುವ ಹೆಚ್ಚುವರಿ ಬ್ಯಾಟರಿ) ಒಂದನ್ನು ಬ್ಯಾಟರಿಗೆ ಕಚ್ಚಿಸಿ, ಹೆಡ್‌ಲೈಟ್, ಬ್ಲೋವರ್, ರೇಡಿಯೊ ಎಲ್ಲ ಆರಿಸಿ, ಇಗ್ನಿಷನ್ ಮಾತ್ರ ಆನ್ ಇಟ್ಟೆವು. ನಮ್ಮ ಟೀಮಿನ ಹುಡುಗ ಹಾಸನದ ಕಡೆಯವನು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದ.

ಫ್ಲ್ಯಾಶ್ ಎಷ್ಟಾಯಿತು ಅಂತ ತೋರಿಸುವ ಬಾರ್ ಶೇಕಡಾ 61ಕ್ಕೆ ಬಂದು ನಿಂತಿತು.

"ಅಣ್ಣಾ, ಮುಂದಕ್ಕೆ ಹೋಗ್ತಾ ಇಲ್ಲ. ಕೇಬಲ್ ಬಿಚ್ಚಿ ಹಾಕ್ಲಾ?"

"ಮುಟ್ಬೇಡ. ವೋಲ್ಟೇಜ್ ಎಷ್ಟಿದೆ ಹೇಳು."

"12.4. ಇಲ್ಲ, 12.3."

"ಕೈ ತೆಗಿ ಲ್ಯಾಪ್‌ಟಾಪ್ ಮೇಲಿಂದ. ಬಾಗಿಲೂ ತೆಗೀಬೇಡ, ಒಳಗಿನ ಲೈಟ್ ಹತ್ತತ್ತೆ."

ಹಿಂದೆ ಒಂದು ಮಸ್ಟಾಂಗ್ ನಿಂತಿತ್ತು, ಅವರಿಗೆ ಕೈ ಬೀಸಿ ಮುಂದೆ ಹೋಗಿ ಅಂದೆ. ಅದರ ಹಿಂದಿನವರೂ ಹೋದರು. ನಮ್ಮ ಡ್ರೈವರ್ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಟ್ರಕ್ಕಿನ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದರು. 13.99 ಅಥವಾ ಅದಕ್ಕಿಂತ ಬೇಗ ಓಡುವ ಗಾಡಿಗೆ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಲ್ಲಿ ಹೆಲ್ಮೆಟ್ ಕಡ್ಡಾಯ. ಫ್ಲ್ಯಾಶ್ ಮಾಡುವ ಟೂಲ್ ನಿಂತಿದೆಯೋ ಯೋಚಿಸುತ್ತಿದೆಯೋ ಆ ಪರದೆ ನೋಡಿ ಹೇಳುವಂತೆಯೇ ಇಲ್ಲ. ಇಷ್ಟು ದುಡ್ಡು ಕೊಟ್ಟು ತೆಗೆದುಕೊಳ್ಳುವ ಸಾಫ್ಟ್‌ವೇರ್, ಯಾವ ಬ್ಲಾಕ್ ಬರೆಯುತ್ತಿದ್ದೇನೆ ಅಂತ ಒಂದು ಸಾಲು ತೋರಿಸಿದರೆ ಏನು ಕಳೆದುಕೊಳ್ಳುತ್ತದೆ? ವೆಂಡರ್‌ಗೆ ಟಿಕೆಟ್ ಹಾಕಿದ್ದೇವೆ, ಉತ್ತರ ಬಂದಿಲ್ಲ. ಹುಡುಗನ ಮುಖ ಬೆವೆತಿತ್ತು, ನನ್ನ ಬಾಯಿ ಒಣಗಿತ್ತು. ಆಮೇಲೆ ಬಾರ್ ಒಮ್ಮೆಲೇ 78ಕ್ಕೆ ಹಾರಿತು, ನಂತರ ಸಲೀಸಾಗಿ ಮುಗಿಯಿತು. ಕೀ ತಿರುಗಿಸಿದಾಗ ಎಂಜಿನ್ ಹತ್ತಿಕೊಂಡಿತು. ಪಕ್ಕದ ಸೀಟಿನಲ್ಲಿ ಯಾರೂ ಇರುವಂತಿಲ್ಲ, ಹುಡುಗ ಲಾಗರ್ ಆನ್ ಮಾಡಿಟ್ಟು ಇಳಿದ.

ಎ ಫೈಲ್, ರಾತ್ರಿ: 60 ಅಡಿಗೆ 1.96, ಕ್ವಾರ್ಟರ್ 13.21, ಟ್ರ್ಯಾಪ್ 104.0.

ಅಂದರೆ ಹಳೆಯ ಫೈಲೂ ಹೊಸ ಫೈಲೂ ಒಂದೇ. ಅಷ್ಟೇ ಅಲ್ಲ. ಫ್ಲ್ಯಾಶ್ ಆದ ಮೇಲೆ ಫೋರ್ಡ್ ಇಸಿಯು ತಾನು ಕಲಿತದ್ದನ್ನು ಮರೆಯುತ್ತದೆ. ಪೆಟ್ರೋಲ್ ಎಷ್ಟು ಒಳ್ಳೆಯದು ಅಂತ ಇಸಿಯು ಕಲಿತಿಟ್ಟುಕೊಳ್ಳುವ ಅಂಕೆ, ಓಎಆರ್, ಸೊನ್ನೆಗೆ ಬರುತ್ತದೆ, ಒಳ್ಳೆಯ ಪೆಟ್ರೋಲ್ ಇದೆ ಅಂತ ನಂಬಿಕೆ ಬಂದು ಮೈನಸ್ ಒಂದಕ್ಕೆ ಇಳಿಯುವವರೆಗೆ ಪೂರ್ತಿ ಸ್ಪಾರ್ಕ್ ಕೊಡುವುದಿಲ್ಲ. ಸಿ ಫೈಲ್ ಹಾಕಿದ ಮೇಲೆ ಹೊರಗೆ ರಸ್ತೆಯಲ್ಲಿ ಸುತ್ತಿಸಿ ಕಲಿಸಿ ತಂದಿದ್ದೆವು. ಎ ಫೈಲ್‌ಗೆ ಆ ಅವಕಾಶವೇ ಸಿಗಲಿಲ್ಲ, ಲೇನ್‌ನಿಂದ ನೇರ ಲೈನಿಗೆ ಹೋಯಿತು. ಕೈ ಕಟ್ಟಿಸಿಕೊಂಡು ಓಡಿಯೂ ಅದು ಸರಿಸಮ ಬಂದಿತ್ತು. ಡೈನೋದಲ್ಲಿ ಸಿ ಚೆನ್ನಾಗಿ ಮೇಲಿತ್ತಲ್ಲ, ಆ ಶಕ್ತಿ ಸ್ಟ್ರಿಪ್‌ನಲ್ಲಿ ಎಲ್ಲಿ ಹೋಯಿತು?

ಆ ರಾತ್ರಿಯೇ ಕೂತು ಎರಡೂ ಲಾಗ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆವು. ಬೂಸ್ಟ್ ಸರಿ. ಲ್ಯಾಂಬ್ಡಾ ಸರಿ. ನಾಕ್ (ಪೆಟ್ರೋಲ್ ಅಕಾಲದಲ್ಲಿ ಸಿಡಿಯುವುದು) ಇಲ್ಲ. ಥ್ರಾಟಲ್ ಗೆರೆ ನೋಡಿದಾಗ ಸಿಕ್ಕಿತು. ಪೆಡಲ್ ಪೂರ್ತಿ ತುಳಿದಿದೆ, ಆದರೆ ಪ್ರತಿ ಅಪ್‌ಶಿಫ್ಟ್ ಆದ ಕೂಡಲೇ ಸಿ ಫೈಲ್‌ನಲ್ಲಿ ಥ್ರಾಟಲ್ ಪ್ಲೇಟ್ ಅರ್ಧಕ್ಕೆ ಮುಚ್ಚಿಕೊಂಡು ಆಮೇಲೆ ನಿಧಾನವಾಗಿ ತೆರೆಯುತ್ತಿತ್ತು. ಎ ಫೈಲ್‌ನಲ್ಲಿ ಆ ಗುಳಿ ಇಲ್ಲ. ಈ ಇಸಿಯು ಎಲ್ಲವನ್ನೂ ಟಾರ್ಕ್ ಲೆಕ್ಕದಲ್ಲಿ ನೋಡುತ್ತದೆ. ತಾನು ಅಂದಾಜು ಮಾಡಿದ ಟಾರ್ಕ್ ಕೇಳಿದ್ದಕ್ಕಿಂತ ಹೆಚ್ಚಾಯಿತು ಅನ್ನಿಸಿದರೆ ಥ್ರಾಟಲ್ ಮುಚ್ಚುತ್ತದೆ. ಹೊಸ ಫೈಲ್‌ನಲ್ಲಿ ಲೋಡ್ (ಎಂಜಿನ್ ಒಳಗೆಳೆಯುವ ಗಾಳಿಯ ಪ್ರಮಾಣ) ಏರಿತ್ತು, ಟಾರ್ಕ್ ಟೇಬಲ್‌ನ ಕೊನೆಯ ಕಾಲಮ್‌ಗಳು ಅದಕ್ಕೆ ಹೊಂದುವಂತೆ ಬದಲಾಗಿರಲಿಲ್ಲ. ಡೈನೋದ ಒಂದೇ ಗೇರಿನ ಪುಲ್‌ನಲ್ಲಿ ಇದು ಬರುವ ಸಾಧ್ಯತೆಯೇ ಇರಲಿಲ್ಲ. ಟ್ಯೂನ್ ಗಳಿಸಿದ್ದನ್ನೆಲ್ಲ ಗೇರ್ ಬದಲಾದಾಗಲೆಲ್ಲ ಇಸಿಯು ವಾಪಸ್ ಕಿತ್ತುಕೊಳ್ಳುತ್ತಿತ್ತು.

ಬೆಳಿಗ್ಗೆ ಮ್ಯಾನೇಜರ್‌ಗೆ ಮೂರೂ ಸ್ಲಿಪ್, ಎರಡೂ ಲಾಗ್ ತೋರಿಸಿದೆ. "ಕೊನೆಯ ರನ್ ರಿಪೋರ್ಟ್‌ನಲ್ಲಿ ಬೇಕಾ?" ಅಂತ ಕೇಳಿದರು. ಬೇಕು ಅಂದೆ. ಡೀಲರ್‌ಗಳಿಗೆ ತಿದ್ದುಪಡಿ ಕಳಿಸಿ ಅಂದದ್ದಕ್ಕೆ ನೋಡೋಣ ಅಂದರು, ಅದು ಇವತ್ತಿಗೂ ಹೋಗಿಲ್ಲ. ನನ್ನ ನೋವು ಇದೇ. ಈ ಟ್ರಕ್ ಕೊಳ್ಳುವವರು ವಾರವಿಡೀ ದುಡಿದು, ಶುಕ್ರವಾರ ಸಂಜೆ ತಮ್ಮ ದುಡ್ಡಿನಲ್ಲಿ ಎಂಟ್ರಿ ಕೊಟ್ಟು ಸ್ಟ್ರಿಪ್‌ಗೆ ಬರುವ ಜನ. ನಾವು ಕೊಟ್ಟ ನಂಬರ್ ನಂಬಿ ಫೈಲ್ ಹಾಕಿಸಿಕೊಳ್ಳುತ್ತಾರೆ. ತಮ್ಮ ಸ್ಲಿಪ್‌ನಲ್ಲಿ ಅದು ಬರದಿದ್ದರೆ ಗಾಡಿಯಲ್ಲೇ ದೋಷ ಅಂತ ಪ್ಲಗ್ ಬದಲಿಸಿ, ಕಾಯಿಲ್ ಬದಲಿಸಿ ದುಡ್ಡು ಸುರಿಯುತ್ತಾರೆ. ಹಾಗೆ ಮಾಡಿದವರ ಫೋನ್ ಕರೆಗಳಿಗೆ ಉತ್ತರ ಕೊಟ್ಟವನು ನಾನು.

ಟಾರ್ಕ್ ಟೇಬಲ್ ಸರಿಮಾಡಿದ ಫೈಲನ್ನು ಆಮೇಲೆ ಮೈಲನ್‌ಗೆ ಒಯ್ದೆವು. ಆ ಸಲ ವೇಳಾಪಟ್ಟಿ ನಾನೇ ಬರೆದೆ. ಮೊದಲು ಎ, ನಂತರ ಹೊಸದು, ಮತ್ತೆ ಎ. ಎಲ್ಲವೂ ಸೂರ್ಯ ಮುಳುಗಿ ತಾಪ ಸ್ಥಿರವಾದ ಮೇಲೆ. ಪ್ರತಿ ಫ್ಲ್ಯಾಶ್ ಪಿಟ್‌ನಲ್ಲಿ, ಚಾರ್ಜರ್ ಹಾಕಿ. ಓಎಆರ್ ಮೈನಸ್ ಒಂದು ಮುಟ್ಟದೆ ಗಾಡಿ ಲೇನಿಗೆ ಹೋಗುವಂತಿಲ್ಲ. ಲೈನಿಗೆ ಬಂದಾಗ ಚಾರ್ಜ್ ಏರ್ (ಇಂಟರ್‌ಕೂಲರ್ ದಾಟಿ ಎಂಜಿನ್‌ಗೆ ಹೋಗುವ ಗಾಳಿ) ತಾಪ ಹಿಂದಿನ ರನ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಸ್ಲಿಪ್ ಹೋಲಿಕೆಗೆ ಇಲ್ಲ. ಡ್ರೈವರ್ ಎಲ್ಲ ಸಲವೂ ಎರಡನೇ ಬಲ್ಬ್ ಹತ್ತಿದ ಕ್ಷಣಕ್ಕೆ ನಿಲ್ಲಿಸಿದರು, ಟೈರ್ ಪ್ರೆಶರ್ ಹುಡುಗ ನೋಡಿಕೊಂಡ. ಎರಡೂ ಎ ರನ್‌ಗಳ ಟ್ರ್ಯಾಪ್ ಒಂದಕ್ಕೊಂದು ಕೂಡಿಬಂದಾಗ ನಡುವಿನ ನಂಬರ್ ಮೇಲೆ ನಂಬಿಕೆ ಬಂತು. ಹೊಸ ಫೈಲ್ ಮೈಲಿ ಒಂದು ಚಿಲ್ಲರೆ ಮೇಲಿತ್ತು, ಇಟಿ ಒಂದು ಹತ್ತಂಶ ಕಡಿಮೆ. ಥ್ರಾಟಲ್ ಗೆರೆ ಶಿಫ್ಟ್‌ಗಳ ಉದ್ದಕ್ಕೂ ನೆಟ್ಟಗೆ.

ರಿಲೀಸ್ ನೋಟ್‌ನಲ್ಲಿ ಆ ಒಂದು ಹತ್ತಂಶವನ್ನೇ ಬರೆದೆ, ಜೊತೆಗೆ ಅವತ್ತಿನ ತಾಪ, ಡೆನ್ಸಿಟಿ ಆಲ್ಟಿಟ್ಯೂಡ್, 60 ಅಡಿಯ ಸಮಯವನ್ನೂ. ಇಷ್ಟೆಲ್ಲ ಯಾರು ಓದುತ್ತಾರೆ ಅಂತ ಮಾರ್ಕೆಟಿಂಗ್‌ನವರು ಕೇಳಿದರು, ತೆಗೆಯಲು ನಾನು ಒಪ್ಪಲಿಲ್ಲ. ಬಿಸಿಲಿನಲ್ಲಿ ಲೇನ್‌ನಲ್ಲಿ ಕಾದು ನಿಂತ ಗಾಡಿಗೆ ಈ ಫೈಲ್ ಎಷ್ಟು ಕೊಡುತ್ತದೆ ಅನ್ನುವುದನ್ನು ಇನ್ನೂ ಅಳೆದಿಲ್ಲ. ಅದಕ್ಕೆ ಮತ್ತೆ ಒಂದು ಸುಡುವ ಮಧ್ಯಾಹ್ನ ಬೇಕು, ಎ, ಹೊಸದು, ಎ ಅದೇ ಕ್ರಮದಲ್ಲಿ. ಸ್ಟ್ರಿಪ್ ಚಳಿಗೆ ಮುಚ್ಚುವ ಮೊದಲು ದಿನ ಕೊಡಿ ಅಂತ ಮ್ಯಾನೇಜರ್‌ಗೆ ಬರೆದಿದ್ದೇನೆ.