ಕರಿ ಬಣ್ಣದ ಕೆಳಗಿದ್ದ ಡ್ರಮ್

ನನ್ನ ಕೈಗೆ ಬಂದಾಗ ಆ ಡ್ರಮ್ಮಿನ ಮೈಮೇಲೆ ಬಾಗಿಲು ಕಿಟಕಿಗಳಿಗೆ ಬಳಿಯುವಂಥ ಕರಿ ಎನಾಮೆಲ್ ಬಣ್ಣ ದಪ್ಪಗೆ ಕೂತಿತ್ತು. ಕೋಲು ಬೀಳುವ ಮೇಲಿನ ಮುಚ್ಚಿಗೆ ಹರಿದಿತ್ತು, ಕೆಳಗಿನದು ಇರಲೇ ಇಲ್ಲ, ಮುಚ್ಚಿಗೆಗಳನ್ನು ಬಿಗಿಯುವ ಎಂಟು ಟೆನ್ಷನ್ ರಾಡುಗಳಲ್ಲಿ ಎರಡು ತುಕ್ಕು ಹಿಡಿದು ತಿರುಗದೆ ನಿಂತಿದ್ದವು. 14 ಇಂಚು ಅಗಲ, 12 ಇಂಚು ಆಳದ ಮರದ ಸ್ನೇರ್ ಡ್ರಮ್ ಅದು, ಎಂದರೆ ಕೆಳಗಿನ ಮುಚ್ಚಿಗೆಗೆ ಅಡ್ಡಲಾಗಿ ‘ಸ್ನೇರ್’ ಎಂಬ ಎಳೆಗಳನ್ನು ಬಿಗಿದಿರುವ ಡ್ರಮ್. ಬಯಲಿನಲ್ಲಿ ಸದ್ದು ದೂರ ಹೋಗಬೇಕೆಂದು ಪಥಸಂಚಲನದ ಡ್ರಮ್ಮುಗಳನ್ನು ಹೀಗೆ ಆಳವಾಗಿ ಮಾಡುತ್ತಿದ್ದರು. ತಯಾರಕರ ಹೆಸರಿರುವ ಲೋಹದ ಬಿಲ್ಲೆ ಎಂದೋ ಕಳೆದುಹೋಗಿ, ಗಾಳಿ ಆಡುವ ತೂತು ಮಾತ್ರ ಉಳಿದಿತ್ತು. ಅದನ್ನು ಅಲಂಕಾರಕ್ಕೆ ಇಡುವ ಉದ್ದೇಶ ನನಗಿರಲಿಲ್ಲ, ನುಡಿಸಬೇಕೆಂದಿತ್ತು. ಹಾಗಾಗಿ ಮೊದಲು ಒಡಲಿನ ಆಕಾರ, ಆಮೇಲೆ ಅಂಚು, ಕಟ್ಟಕಡೆಗೆ ಹೊಳಪು ಎಂದು ಕೆಲಸದ ಕ್ರಮವನ್ನು ನಿಶ್ಚಯಿಸಿಕೊಂಡೆ.

ಬಿಚ್ಚುವ ಮುನ್ನ ಎಲ್ಲ ಭಾಗಗಳ ಫೋಟೊ ತೆಗೆದು, ರಾಡು ಮತ್ತು ಕೊಕ್ಕೆಗಳನ್ನು ಅವುಗಳ ಸ್ಥಾನಕ್ಕೆ ತಕ್ಕಂತೆ ಸಂಖ್ಯೆ ಹಾಕಿ ಇಟ್ಟೆ. ನೋಡಲು ಒಂದೇ ಅಳತೆಯ ತಿರುಪುಗಳಾದರೂ, ವರ್ಷಗಟ್ಟಲೆ ಒಟ್ಟಿಗೆ ಸವೆದ ಜೋಡಿಗಳನ್ನು ಅದಲುಬದಲು ಮಾಡಿದರೆ ಅವು ಸರಿಯಾಗಿ ಕೂರುವುದಿಲ್ಲ. ಸ್ನೇರ್ ಎಳೆಗಳನ್ನು ಬಿಗಿದು ಸಡಿಲಿಸುವ ಸ್ಟ್ರೈನರನ್ನು ಕಳಚಿದಾಗ ಒಂದು ಸಂತೋಷ ಕಾದಿತ್ತು. ಬಣ್ಣ ಬಳಿದ ಮಹನೀಯರು ಅದನ್ನು ಬಿಚ್ಚುವ ಗೋಜಿಗೇ ಹೋಗದೆ ಅದರ ಸುತ್ತ ಬ್ರಷ್ ಆಡಿಸಿ ಕೈ ತೊಳೆದುಕೊಂಡಿದ್ದರಿಂದ, ಅದರ ಅಡಿಯಲ್ಲಿ ಮೂಲ ಪಾಲಿಶ್ ಜೇನುಬಣ್ಣದಲ್ಲಿ ಹಾಗೆಯೇ ಉಳಿದಿತ್ತು. ಅವರ ಸೋಮಾರಿತನಕ್ಕೆ ನಾನು ಋಣಿ. ಆ ಜಾಗಕ್ಕೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಒತ್ತಿ ಹಿಡಿದಾಗ ಮೇಲ್ಮೈ ಸ್ವಲ್ಪ ಹೊತ್ತಿನಲ್ಲೇ ಜಿಗುಟಾಯಿತು. ಸ್ಪಿರಿಟ್ಟಿಗೆ ಕರಗುವುದು ಅರಗಿನ ಪಾಲಿಶ್. ಅದಕ್ಕೆ ಜಗ್ಗದೆ ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆ ವಾರ್ನಿಷ್ ಇರಬಹುದೆಂದು ಹೆಚ್ಚುಕಡಿಮೆ ನಂಬಬಹುದು.

ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುವ ಸಂಭವವಿದೆ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಅದನ್ನು ನಿಷೇಧಿಸಿದ್ದೇ 1978ರಲ್ಲಿ. ಆದ್ದರಿಂದ ಒಣ ಸ್ಯಾಂಡ್‌ಪೇಪರಿನಿಂದ ಉಜ್ಜಿ ಧೂಳೆಬ್ಬಿಸುವುದು ಸಲ್ಲದು. ಬಿಸಿಗಾಳಿಯ ಗನ್ ಹಿಡಿದರೆ ಬಣ್ಣದ ಜೊತೆಗೆ ಮರದ ಬೆಸುಗೆಯ ಅಂಟೂ ಮೆತ್ತಗಾಗುತ್ತದೆ. ಬಣ್ಣ ಚಕ್ಕೆ ಎದ್ದಿದ್ದ ಕಡೆಗಳಲ್ಲಿ ಸ್ಪಿರಿಟ್ಟಿನ ಬಟ್ಟೆಯನ್ನು ಹಾಸಿ ಬಿಟ್ಟೆ. ಕೆಳಗಿನ ಅರಗು ಕರಗಿದ್ದೇ ತಡ, ಮೇಲಿನ ಕರಿ ಪದರ ಮೂಲಂಗಿಯ ಸಿಪ್ಪೆಯಂತೆ ಸುಲಿದು ಬಂತು. ಉಳಿದ ಕಡೆ ಜೆಲ್ ರೂಪದ ಪೇಂಟ್ ರಿಮೂವರ್ ಹಚ್ಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು ತೆಗೆದೆ. ಕೆಳಗೆ ಕಂಡದ್ದು ಮೇಪಲ್ ಮರ: ಒಂದೇ ಹಲಗೆಯನ್ನು ಹಬೆಯಲ್ಲಿ ಬೇಯಿಸಿ, ಬಾಗಿಸಿ, ಎರಡು ತುದಿಗಳನ್ನು ಓರೆಯಾಗಿ ಕೊರೆದು ಒಂದರ ಮೇಲೊಂದು ಅಂಟಿಸಿದ ಒಡಲು. ಅದು ಕಾಲಾಂತರದಲ್ಲಿ ಮತ್ತೆ ನೆಟ್ಟಗಾಗಲು ಹವಣಿಸುತ್ತದೆಂದೇ ಒಳಗಡೆ ಮೇಲೆ ಕೆಳಗೆ ಬಲ ಕೊಡುವ ಎರಡು ಬಳೆಗಳನ್ನು ಕೂರಿಸಿರುತ್ತಾರೆ. ಒಳಮೈಯನ್ನು ನಾನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದ್ದು ಬಿಟ್ಟರೆ ಮುಟ್ಟಲಿಲ್ಲ. ಅಲ್ಲಿ ತಯಾರಿಸಿದವರ ಪೆನ್ಸಿಲ್ ಗೆರೆಗಳಿದ್ದವು.

ಓರೆ ಬೆಸುಗೆ ಒಂದು ತುದಿಯಲ್ಲಿ ಬೆರಳುಗುರು ತೂರುವಷ್ಟು ಬಿಟ್ಟುಕೊಂಡಿತ್ತು. ಒಳಗಿದ್ದದ್ದು ಪ್ರಾಣಿಗಳ ಚರ್ಮವನ್ನು ಕಾಯಿಸಿ ಮಾಡುವ ಹಳೆಯ ಕಾಲದ ಅಂಟು. ಅದಕ್ಕೊಂದು ದೊಡ್ಡ ಗುಣವಿದೆ: ಬಿಸಿ ಮತ್ತು ತೇವಕ್ಕೆ ಸಡಿಲವಾಗುತ್ತದೆ, ಹೊಸದಾಗಿ ಹಾಕಿದ ಅದೇ ಅಂಟು ಹಳೆಯದರೊಡನೆ ಕರಗಿ ಒಂದಾಗುತ್ತದೆ. ಬಿಳಿ ಅಂಟನ್ನು ಅದರ ಮೇಲೆ ಹಾಕಿದರೆ ಹಿಡಿಯುವ ಭರವಸೆಯಿಲ್ಲ. ಬಿರುಕನ್ನು ಬಿಸಿನೀರಿನ ಬ್ರಷ್ಷಿನಿಂದ ತೊಳೆದು, ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇರಿಸಿದ ಚರ್ಮದ ಅಂಟನ್ನು ತುಂಬಿ, ಒಡಲಿನ ಬಾಗಿಗೆ ಸರಿಯಾಗಿ ಕೆತ್ತಿದ ಎರಡು ಮರದ ತುಂಡುಗಳ ನಡುವೆ ಒತ್ತಿ ಒಂದು ದಿನ ಬಿಟ್ಟೆ. ಆಮೇಲೆ ನಾಲ್ಕು ದಿಕ್ಕಿನಲ್ಲಿ ವ್ಯಾಸ ಅಳೆದಾಗ 3 ಮಿಲಿಮೀಟರ್ ವ್ಯತ್ಯಾಸ ಬಂತು. ಹೊಸ ಮುಚ್ಚಿಗೆಯ ಬಳೆ ಸುತ್ತಲೂ ಒತ್ತದೆ ಸಲೀಸಾಗಿ ಇಳಿಯುತ್ತಿದ್ದುದರಿಂದ ಅಷ್ಟು ಓರೆಯನ್ನು ಹಾಗೆಯೇ ಬಿಟ್ಟೆ. ಬಲವಂತವಾಗಿ ದುಂಡಗೆ ಮಾಡಹೊರಟು ಹಳೆಯ ಮರವನ್ನು ಸೀಳಿಕೊಳ್ಳುವ ಧೈರ್ಯ ನನಗಿಲ್ಲ.

ಇನ್ನು ಅಂಚು. ಡ್ರಮ್ಮಿನ ಸ್ವರ ಹುಟ್ಟುವುದು ಮುಚ್ಚಿಗೆ ಮರವನ್ನು ಮುಟ್ಟುವ ಆ ಸಣ್ಣ ಗೆರೆಯಲ್ಲಿ. ಅಲ್ಲಿ ಒಂದು ತಗ್ಗಿದ್ದರೂ ಎಷ್ಟೇ ಬಿಗಿದರೂ ಒಂದು ಕಡೆ ಸ್ವರ ಮಂಕಾಗಿಯೇ ಇರುತ್ತದೆ. ದಪ್ಪ ಗಾಜಿನ ಹಲಗೆಯ ಮೇಲೆ ಡ್ರಮ್ಮನ್ನು ಬೋರಲು ಹಾಕಿ, ಕೋಣೆಯನ್ನು ಕತ್ತಲು ಮಾಡಿ, ಒಳಗೊಂದು ದೀಪ ಇಟ್ಟು ನೋಡಿದರೆ ಬೆಳಕು ಸೋರುವ ಜಾಗವೆಲ್ಲ ತಗ್ಗು. ಮೇಲಿನ ಅಂಚಿನಲ್ಲಿ ಅಂಥ ಎರಡು ತಗ್ಗುಗಳಿದ್ದವು. ಅಂಚಿನ ಸುತ್ತ ಪೆನ್ಸಿಲ್ ಗೆರೆ ಎಳೆದು, ಗಾಜಿಗೆ 120 ನಂಬರಿನ ಸ್ಯಾಂಡ್‌ಪೇಪರ್ ಅಂಟಿಸಿ, ಡ್ರಮ್ಮನ್ನು ಅದರ ಮೇಲೆ ಭಾರ ಹಾಕದೆ ಸುತ್ತಿಸಿದೆ. ಗೆರೆ ಎಲ್ಲ ಕಡೆಯೂ ಅಳಿದಾಗ ಅಂಚು ಸಮವಾಯಿತು.

ಈ ಗೆಲುವಿನ ಹುಮ್ಮಸ್ಸಿನಲ್ಲಿ ಕೆಳಗಿನ ಅಂಚನ್ನೂ ಗಾಜಿನ ಮೇಲಿಟ್ಟೆ. ಎರಡು ಕಡೆ ಬೆಳಕು ಧಾರಾಳವಾಗಿ ಸೋರಿತು. ಎಷ್ಟು ಸವೆದಿದೆಯಲ್ಲ ಎಂದುಕೊಂಡು ಹತ್ತು ಸುತ್ತು ಉಜ್ಜಿಯೂಬಿಟ್ಟೆ. ಆಮೇಲೆ ಹೊಳೆಯಿತು: ಆ ಎರಡು ತಗ್ಗುಗಳು ಒಂದಕ್ಕೊಂದು ಸರಿಯಾಗಿ ಎದುರುಬದುರಾಗಿದ್ದವು, ಒಂದು ಸ್ಟ್ರೈನರಿನ ನೇರಕ್ಕೂ ಇತ್ತು. ಸವೆತ ಹೀಗೆ ಅಳತೆ ಹಿಡಿದು ಬರುವುದಿಲ್ಲ. ಸ್ನೇರ್ ಎಳೆಗಳು ಅಂಚನ್ನು ದಾಟುವಲ್ಲಿ ಮುಚ್ಚಿಗೆಯಿಂದ ಮೇಲೇಳದೆ ಅದಕ್ಕೆ ಒರಗಿಕೊಳ್ಳಲೆಂದು ತಯಾರಿಸುವಾಗಲೇ ಕೊರೆಯುವ ತಗ್ಗು ಅದು, ಸ್ನೇರ್ ಬೆಡ್. ಅದನ್ನು ಪೂರ್ತಿ ಅಳಿಸಿದ್ದರೆ ಎಳೆಗಳು ಅತ್ತಿತ್ತ ಗಿಲಕಿಯಂತೆ ಸದ್ದು ಮಾಡುತ್ತಿದ್ದವು. ಅರ್ಧಚಂದ್ರಾಕಾರದ ಅರದಿಂದ, ನಾಲ್ಕು ಬಾರಿ ಉಜ್ಜಿ ಒಮ್ಮೆ ಅಳೆಯುತ್ತ, ಎರಡನ್ನೂ ಮೊದಲಿನ ಸುಮಾರು 2 ಮಿಲಿಮೀಟರ್ ಆಳಕ್ಕೆ ತಂದೆ. ಅಂಚಿನ ಹೊರಗಿನ ದುಂಡನ್ನು ಮಾತ್ರ ಬದಲಿಸಲಿಲ್ಲ. ಇಂದಿನ ಡ್ರಮ್ಮುಗಳಂತೆ 45 ಡಿಗ್ರಿಯ ಚೂಪು ಅಂಚು ಮಾಡಿದರೆ ಸ್ವರ ತೀಕ್ಷ್ಣವಾಗುತ್ತದೆಂದು ಕೆಲವರು ಸಲಹೆ ಕೊಡುತ್ತಾರೆ. ಹಾಗೆ ಮಾಡಿದರೆ ಹಳೆಯ ಡ್ರಮ್ಮನ್ನು ಇಟ್ಟುಕೊಂಡು ಪ್ರಯೋಜನವೇನೆಂದು ನನಗೆ ಅರ್ಥವಾಗುವುದಿಲ್ಲ.

ಹೊರಮೈಗೆ 180, 220, 320 ನಂಬರುಗಳ ಸ್ಯಾಂಡ್‌ಪೇಪರನ್ನು ಮರದ ಎಳೆಯ ದಿಕ್ಕಿನಲ್ಲಿ, ಎಂದರೆ ಒಡಲಿನ ಸುತ್ತಲೂ, ಹಗುರವಾಗಿ ಆಡಿಸಿದೆ. ಒಂದು ಬದಿಯಲ್ಲಿ ಅಂಗೈಯಗಲ ಗೀರುಗಳಿದ್ದವು. ಹೆಗಲಿನ ಪಟ್ಟಿಯಿಂದ ಇಳಿಬಿಟ್ಟ ಡ್ರಮ್ ನಡೆಯುವಾಗ ಓರೆಯಾಗಿ ಎಡಗಾಲಿಗೆ ತಾಗುತ್ತಿರುತ್ತದೆ. ಎಡಗೈಯ ಕೋಲನ್ನು ಅಂಗೈ ಮೇಲ್ಮುಖವಾಗಿ ಹಿಡಿಯುವ ಪದ್ಧತಿ ಹುಟ್ಟಿದ್ದೂ ಈ ಓರೆಯಿಂದಲೇ. ಆ ಗೀರುಗಳನ್ನು ನಾನು ಉಜ್ಜಿ ತೆಗೆಯಲಿಲ್ಲ. ತೂತಿನ ಸುತ್ತ ಬಿಲ್ಲೆಯ ಮರೆಯಲ್ಲಿ ಬೆಳಕು ತಾಗದೆ ಉಳಿದಿದ್ದ ಅಂಡಾಕಾರದ ತಿಳಿ ಕಲೆಯನ್ನೂ ಬಿಟ್ಟೆ.

ಪಾಲಿಶಿಗೆ ಮತ್ತೆ ಅರಗನ್ನೇ ಆರಿಸಿಕೊಂಡೆ. ಅದು ನೀರಿಗೆ, ಬಿಸಿಗೆ, ಸ್ಪಿರಿಟ್ಟಿಗೆ ಹೆದರುವ ಪಾಲಿಶ್. ಮಳೆಬಿಸಿಲಿನಲ್ಲಿ ಮೆರವಣಿಗೆ ಹೋಗುವ ಡ್ರಮ್ಮಾದರೆ ವಾರ್ನಿಷ್ ಒಳ್ಳೆಯದು. ಇದು ಮನೆಯೊಳಗೇ ನುಡಿಯುವುದರಿಂದ ಆ ಚಿಂತೆ ಇರಲಿಲ್ಲ. ಮೇಣ ತೆಗೆದ ಅರಗಿನ ಚಕ್ಕೆಗಳನ್ನು ಲೀಟರ್ ಸ್ಪಿರಿಟ್ಟಿಗೆ 120 ಗ್ರಾಮಿನಂತೆ ಕರಗಿಸಿ ಸೋಸಿದೆ. ಬೇಕಾದಷ್ಟೇ ಕರಗಿಸಿಕೊಳ್ಳಬೇಕು, ತಿಂಗಳುಗಟ್ಟಲೆ ಇಟ್ಟ ದ್ರಾವಣ ಬಳಿದ ಮೇಲೆ ಗಟ್ಟಿಯಾಗಿ ಒಣಗುವುದಿಲ್ಲ. ಹತ್ತಿಯ ಉಂಡೆಗೆ ಹಳೆಯ ಬಿಳಿ ಬಟ್ಟೆ ಸುತ್ತಿದ ಪ್ಯಾಡಿನಿಂದ, ಒಡಲನ್ನು ಅಡ್ಡಲಾಗಿ ಒಂದು ಕೋಲಿಗೆ ತೂಗುಹಾಕಿ ತಿರುಗಿಸುತ್ತ, ತೆಳುವಾಗಿ ಒರೆಸುತ್ತ ಹೋದೆ. ಮೇಜಿನ ಹಲಗೆಯಾದರೆ ಕೈ ಒಂದು ಅಂಚಿನಿಂದ ಹೊಕ್ಕು ಇನ್ನೊಂದರಿಂದ ಹೊರಡುತ್ತದೆ. ದುಂಡು ಮೈಗೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ಸುತ್ತು ಮುಗಿಸಿ ಬರುವಷ್ಟರಲ್ಲಿ ಮೊದಲು ಹಚ್ಚಿದ್ದು ಅರೆ ಒಣಗಿರುತ್ತದೆ, ಅಲ್ಲಿ ಕೈ ನಿಂತರೆ ಪ್ಯಾಡ್ ಅಂಟಿಕೊಂಡು ಕಲೆ ಬೀಳುತ್ತದೆ. ನಿಲ್ಲಿಸಬೇಕಾದಾಗ ವಿಮಾನ ಮೇಲೇಳುವಂತೆ ಕೈಯನ್ನು ಚಲಿಸುತ್ತಲೇ ಎತ್ತಬೇಕು. ಮೋಡ ಕವಿದು ಗಾಳಿ ತೇವವಾಗಿದ್ದ ಒಂದು ದಿನ ಆತುರಪಟ್ಟು ಹಚ್ಚಿದ ಪದರ ಬೆಳ್ಳಗೆ ಮಂಜು ಕವಿದಂತಾಯಿತು. ಮರುದಿನ ಸ್ಪಿರಿಟ್ಟಿನಿಂದ ತೇವ ಮಾಡಿದ ಪ್ಯಾಡ್ ಆಡಿಸಿದಾಗ ತಿಳಿಯಾಯಿತು. ಹೀಗೆ ತಪ್ಪನ್ನು ಮನ್ನಿಸುವ ಗುಣ ಬೇರೆ ಪಾಲಿಶುಗಳಿಗೆ ಕಡಿಮೆ.

ಲೋಹದ ಭಾಗಗಳ ಕೆಲಸ ಬೇಗ ಮುಗಿಯಿತು. ತುಕ್ಕಿನ ರಾಡುಗಳು ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆದ ಮೇಲೆ ತಿರುಗಿದವು. ಕೊಕ್ಕೆಗಳ ಮೇಲಿನ ನಿಕ್ಕಲ್ ಲೇಪ ತೆಳುವಾಗಿದ್ದುದರಿಂದ ಸಾಬೂನುನೀರಿನಲ್ಲಿ ತೊಳೆದು ಒರೆಸಿದೆನೇ ಹೊರತು ಹಿತ್ತಾಳೆ ಕಾಣುವಂತೆ ತಿಕ್ಕಲಿಲ್ಲ.

ಕರುವಿನ ಚರ್ಮದ ಮುಚ್ಚಿಗೆ ಹಾಕಿಸುವ ಆಸೆಯಿತ್ತು. ಆದರೆ ಅದು ತೇವಕ್ಕೆ ಸಡಿಲಿ ಬಿಸಿಲಿಗೆ ಬಿಗಿಯುವಂಥದ್ದು; 1950ರ ದಶಕದಲ್ಲಿ ಪಾಲಿಯೆಸ್ಟರ್ ಹಾಳೆಯ ಮುಚ್ಚಿಗೆಗಳು ಬಂದೊಡನೆ ವಾದಕರು ಅದನ್ನು ಕೈಬಿಟ್ಟದ್ದು ಸುಮ್ಮನೆ ಅಲ್ಲ. ನನ್ನ ಡ್ರಮ್ಮಿನಲ್ಲಿ ಒಂದೇ ರಾಡು ಮೇಲಿನ ಕೆಳಗಿನ ಬಳೆಗಳೆರಡನ್ನೂ ಒಟ್ಟಿಗೆ ಎಳೆಯುತ್ತದೆ, ಬೇರೆ ಬೇರೆ ಶ್ರುತಿ ಮಾಡಲು ಬರುವುದಿಲ್ಲ. ಎರಡು ಮುಖಗಳ ಸ್ವರದ ವ್ಯತ್ಯಾಸವನ್ನು ಮುಚ್ಚಿಗೆಯ ದಪ್ಪದಲ್ಲೇ ತರಬೇಕು: ಮೇಲೆ ಸುಮಾರು 250 ಮೈಕ್ರಾನಿನದು, ಕೆಳಗೆ 75 ಮೈಕ್ರಾನಿನದು ಹಾಕಿದೆ. ಸ್ನೇರಿಗೆ ಕರುಳಿನ ಎಳೆಗಳನ್ನು ನೀರಿನಲ್ಲಿ ನೆನೆಸಿ, ಹದವಾಗಿ ಬಿಗಿದು, ಹಾಗೆಯೇ ಒಣಗಲು ಬಿಟ್ಟೆ. ನೆನೆಸದೆ ಹಾಕಿದರೆ ಅವು ಮುಚ್ಚಿಗೆಯ ಮೇಲೆ ನೇರವಾಗಿ ಕೂರುವುದಿಲ್ಲ. ಎದುರುಬದುರಿನ ರಾಡುಗಳನ್ನು ಅರ್ಧ ಅರ್ಧ ಸುತ್ತು ಬಿಗಿಯುತ್ತ ಮೂರು ದಿನ ಶ್ರುತಿ ಹಿಡಿದ ಮೇಲೆ ಡ್ರಮ್ ಒಣಗಿದ ಎಲೆಗಳ ಮೇಲೆ ದಪ್ಪ ಹನಿ ಬಿದ್ದಂತೆ ನುಡಿಯಿತು. ಐದನೆಯ ರಾಡಿನ ತಿರುಪು ಸವೆದು ಜಾರುತ್ತಿದೆ. ಅದೇ ತಿರುಪಿನ ಹಳೆಯ ರಾಡು ಸಿಗುವವರೆಗೆ ಹತ್ತು ನಿಮಿಷಕ್ಕೊಮ್ಮೆ ರಾಡು ತಿರುಗಿಸುವ ಕೀಲಿಯನ್ನು ಕೈಗೆತ್ತಿಕೊಳ್ಳಬೇಕಾಗಿದೆ.