ಹೊಳೆಯ ಲೆಕ್ಕ: ಹತ್ತೊಂಬತ್ತನೆಯ ಹಾಳೆಯವರೆಗೆ

ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹೊಳೆಯನ್ನು ಕಿಲೋಮೀಟರಿಗೊಂದು ಹಾಳೆಯಂತೆ ಬರೆದಿಡುವ ನನ್ನ ಭಾನುವಾರದ ಹುಚ್ಚು ಹತ್ತೊಂಬತ್ತನೆಯ ಹಾಳೆಗೆ ಬಂದು ನಿಂತಿದೆ. ಇನ್ನು ಹದಿನೈದು ಉಳಿದಿವೆ. ಕಾಗದ ನಾನು ಲೆಕ್ಕ ಬರೆಯುವ ಗಂಗಾವತಿಯ ಅಕ್ಕಿ ಗಿರಣಿಯದು. ಹಳೆಯ ಜಮಾಖರ್ಚಿನ ಹಾಳೆಗಳ ಬೆನ್ನು ಖಾಲಿಯಿರುತ್ತದೆ. ಒಂದು ಮಗ್ಗುಲಲ್ಲಿ ಭತ್ತದ ಚೀಲಗಳ ಲೆಕ್ಕ, ತಿರುವಿದರೆ ನೀರುನಾಯಿಯ ಲೆಕ್ಕ.

ಹೊಸದಾಗಿ ಓದುವವರಿಗಾಗಿ: ತುಂಗಭದ್ರಾ ಅಣೆಕಟ್ಟಿನ ಕೆಳಗಿನ ಈ 34 ಕಿ.ಮೀ. ಹರಿವನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಎಡದಂಡೆಗೆ ನಮ್ಮ ಕೊಪ್ಪಳ ಜಿಲ್ಲೆ, ಬಲದಂಡೆಗೆ ಹಂಪಿ, ಕೆಳಗೆ ಬಳ್ಳಾರಿ ಜಿಲ್ಲೆಯ ಕಂಪ್ಲಿ. ಹೊಳೆಗೆ ಬೇಲಿ ಹಾಕಲಾಗದು. ಹಾಗಾಗಿ ನೀರುನಾಯಿ ಮೀನು ಹಿಡಿಯುವ ಮಡುವಿನಲ್ಲೇ ಬಲೆ ಬೀಳುತ್ತದೆ, ಹರಿಗೋಲು ತಿರುಗುತ್ತದೆ, ಬಟ್ಟೆ ಒಗೆಯುತ್ತಾರೆ, ದಡದ ಪಂಪ್‌ಸೆಟ್ಟುಗಳು ಹಗಲೂ ರಾತ್ರಿ ನೀರೆತ್ತುತ್ತವೆ.

ಗುರುತುಗಳು ಸರಳ. ಹಿಕ್ಕೆ ಕಂಡಲ್ಲಿ ಚುಕ್ಕೆ, ಹೆಜ್ಜೆ ಕಂಡಲ್ಲಿ ಗೀಟು, ಪಂಪ್‌ಸೆಟ್ಟಿಗೆ ಚೌಕ, ಹರಿಗೋಲು ನಿಲ್ಲುವ ದಡಕ್ಕೆ ವೃತ್ತ. ಮೊದಲ ಮೂರು ಹಾಳೆಗಳ ಗೀಟುಗಳನ್ನೆಲ್ಲ ಅಳಿಸಬೇಕಾಯಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನಾನು ಹಿಗ್ಗಿನಿಂದ ಎಣಿಸಿದ್ದು ಊರ ನಾಯಿಗಳ ಹೆಜ್ಜೆಗಳನ್ನು. ನಾಯಿಯ ಹೆಜ್ಜೆಯಲ್ಲಿ ಮೂಡುವುದು ನಾಲ್ಕು ಬೆರಳು, ನೀರುನಾಯಿಯದರಲ್ಲಿ ಐದು. ಕೆಸರು ಹದವಾಗಿದ್ದರೆ ಬೆರಳುಗಳ ನಡುವಿನ ಪೊರೆಯೂ ಅಚ್ಚೊತ್ತಿರುತ್ತದೆ. ಹಿಕ್ಕೆಯ ವಿಷಯದಲ್ಲಿ ಮೋಸ ಹೋಗುವುದು ಕಷ್ಟ. ಇಡೀ ಗುಂಪು ಒಂದೇ ಬಂಡೆಯನ್ನು ಶೌಚಕ್ಕೆ ಆರಿಸಿಕೊಂಡಿರುತ್ತದೆ. ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರುಗಳು ಬಿಸಿಲಿಗೆ ಹೊಳೆಯುತ್ತವೆ, ವಾಸನೆ ಹತ್ತು ಹೆಜ್ಜೆ ಮೊದಲೇ ಎದುರಾಗುತ್ತದೆ.

ಈ ತಿಂಗಳು ಮುಗಿದದ್ದು 16ರಿಂದ 19ರವರೆಗಿನ ಹಾಳೆಗಳು. ಹದಿನಾರರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಗದ್ದೆಯ ಬದು ನೀರಿನ ಅಂಚಿಗೇ ಬಂದಿದೆ, ಆಪು ಹುಲ್ಲನ್ನು ಸುಟ್ಟಿದ್ದಾರೆ, ಐದು ಚೌಕ, ಚುಕ್ಕೆ ಸೊನ್ನೆ. ಹದಿನೇಳು ವಿರೂಪಾಪುರ ಗಡ್ಡೆ. 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಬಳಿಕ ಇಲ್ಲಿನ ರೆಸಾರ್ಟುಗಳನ್ನು ತೆರವುಗೊಳಿಸಿದರು. ಅಲ್ಲೊಂದರಲ್ಲಿ ಅಡುಗೆ ಮಾಡುತ್ತಿದ್ದವರೊಬ್ಬರು ಈಗ ಸಾಣಾಪುರದ ರಸ್ತೆಯಲ್ಲಿ ಚಹಾ ಮಾರುತ್ತಾರೆ. ರಾತ್ರಿಯ ಹಾಡು ನಿಂತದ್ದಕ್ಕೆ ನೀರುನಾಯಿಗೆ ಸುಖವಾಗಿರಬಹುದು ಎಂದು ಬಾಯಿ ತಪ್ಪಿ ಅಂದೆ. ಅವರು ಚಹಾ ಸೋಸುತ್ತಲೇ ಇದ್ದರು, ಉತ್ತರ ಕೊಡಲಿಲ್ಲ.

ಚುಕ್ಕೆಗಳು ಚೌಕಗಳಿಂದ ದೂರವೇ ಇರುತ್ತವೆ ಎಂದು ನಾನು ಮೊದಲಿನಿಂದ ನಂಬಿದ್ದೆ. ಹದಿನೆಂಟನೆಯ ಹಾಳೆ ಅದನ್ನು ಕೆಡಿಸಿತು. ಪಂಪಿನ ಪೈಪು ಇಳಿದ ಮಡುವಿನ ಎದುರು ಬಂಡೆಯ ಮೇಲೇ ಹಸಿ ಹಿಕ್ಕೆ! ಕಾರಣ ಕಷ್ಟದ್ದೇನಲ್ಲ. ಬೇಸಿಗೆಯಲ್ಲಿ ಅಣೆಕಟ್ಟಿನ ನೀರು ಕಾಲುವೆಗೆ ಹೋಗುತ್ತದೆ, ಹೊಳೆಯಲ್ಲಿ ಉಳಿಯುವುದು ಬಂಡೆಗಳ ನಡುವಿನ ಮಡುಗಳು ಮಾತ್ರ. ಮೀನು ಅಲ್ಲಿ, ಮೀನಿರುವಲ್ಲಿ ನೀರುನಾಯಿ, ಬಲೆ, ಪಂಪು. ಆ ಪಂಪಿನ ನೀರಿನಲ್ಲಿ ಬೆಳೆದ ಸೋನಾ ಮಸೂರಿ ನಮ್ಮ ಗಿರಣಿಗೇ ಬರುತ್ತದೆ. ನನ್ನ ಸಂಬಳವೂ ಅದರಿಂದಲೇ. ಗದ್ದೆಗೆ ಹೊಡೆದ ಔಷಧ ಹಳ್ಳ ಹಿಡಿದು ಅದೇ ಮಡುವಿಗೆ ಮರಳುತ್ತದೆ. ಅದಕ್ಕೆ ಯಾವ ಗುರುತು ಹಾಕಬೇಕೆಂದು ಇನ್ನೂ ತೋಚಿಲ್ಲ.

ಹತ್ತೊಂಬತ್ತನೆಯ ಹಾಳೆಯಲ್ಲಿ ಜೊತೆಗಿದ್ದವರು ಮೀನುಗಾರ ಕಾಕಾ. ಹಾಳೆಯ ಸಂಖ್ಯೆ ಕೇಳಿ ನಕ್ಕರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನಲ್ಲಿ ಕೊಚ್ಚಿಹೋದದ್ದೂ ಹತ್ತೊಂಬತ್ತನೆಯ ಗೇಟೇ. ಸರಪಳಿ ಕಡಿದಿತ್ತು. ಮೂವತ್ಮೂರು ಗೇಟುಗಳಲ್ಲಿ ಒಂದು ಹೋದದ್ದಕ್ಕೆ ರೈತರು ಬೆಳೆಯ ನೀರು ಹೋಯಿತೆಂದು ಎದೆ ಹಿಡಿದುಕೊಂಡರು, ನಮ್ಮ ಮಾಲೀಕರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಕಾಕಾ ಕಳೆದುಕೊಂಡದ್ದು ಎರಡು ಬಲೆ, ಒಂದು ಹುಟ್ಟು.

"ನಿಮ್ಮ ನಾಯಿ ನನ್ನ ಬಲೆ ಹರಿದದ್ದನ್ನೂ ಬರೆಯುತ್ತೀರೇನು, ಮಾಸ್ತರೇ?" ಎಂದು ಕೇಳಿದರು. ಅದಕ್ಕೆ ಗುರುತೇ ಇರಲಿಲ್ಲ ನನ್ನ ಬಳಿ. ಸಿಡಿಮದ್ದು ಹಾಕಿ ಮೀನು ಹಿಡಿಯುವವರನ್ನು ಅವರು ಬಾಯ್ತುಂಬ ಬೈಯುತ್ತಾರೆ, ಮಡುವಿನ ಮರಿಯೂ ಉಳಿಯುವುದಿಲ್ಲವೆಂದು. ನೀರುನಾಯಿಯನ್ನು ಬೈಯುವಾಗ ಮಾತ್ರ ದನಿಯಲ್ಲಿ ಮನೆಯ ತುಂಟನನ್ನು ಬೈಯುವ ಸಲುಗೆಯಿರುತ್ತದೆ. ಹರಿದ ಬಲೆಗೆ ಗುಣಾಕಾರದ ಗುರುತು ಎಂದು ಅಲ್ಲೇ ತೀರ್ಮಾನಿಸಿದೆವು. ಹಾಳೆಯಲ್ಲಿ ಈಗ ಅಂಥವು ಮೂರಿವೆ. ಎರಡು ಚುಕ್ಕೆಗಳ ಪಕ್ಕದಲ್ಲೇ ಬಿದ್ದಿವೆ. ಮೂರನೆಯದು ಮೊಸಳೆಯ ಕೆಲಸ ಎನ್ನುತ್ತಾರೆ ಕಾಕಾ, ಆ ಮಡುವಿಗೆ ನಾನು ಇಳಿದು ನೋಡಿಲ್ಲ.