ಗಾಜಿನ ಮೇಲೆ ಗೀರು ಬಿದ್ದರೆ ನಷ್ಟ ಕಟ್ಟಿಕೊಡಬೇಕಾದವರು ಯಾರು?

ಹೊಸ ಫ್ಲ್ಯಾಟ್‌ನ ಗಾಜಿನ ಮೇಲೆ ಗೀರು ಕಂಡರೆ ಮೊದಲು ಸಿಕ್ಕಿಬೀಳುವವನು, ಗಾಜಿಗೆ ಅಂಟಿದ ಪೇಂಟು, ಸಿಮೆಂಟು ಕೆರೆದು ತೆಗೆಯಲು ಬ್ಲೇಡ್ ಹಿಡಿದ ಕ್ಲೀನಿಂಗ್ ಹುಡುಗ. ಗಾಜು ತಯಾರಿಸಿದವರನ್ನು ಯಾರೂ ಕೇಳುವುದಿಲ್ಲ. ಅದನ್ನು ಕೂರಿಸಿದವರನ್ನೂ ಕೇಳುವುದಿಲ್ಲ. ತಿಂಗಳುಗಟ್ಟಲೆ ಅದರ ಮುಂದೆಯೇ ಸಿಮೆಂಟು, ಪಿಒಪಿ, ಪೇಂಟು ಎಲ್ಲಾ ಎರಚಾಡಿದವರನ್ನಂತೂ ಬಿಡಿ. ಕೊನೆಗೆ ಕೈ ಇಟ್ಟವನು ಕ್ಲೀನಿಂಗ್‌ನವನು, ಹಾಗಾಗಿ ಅವನೇ ಕಟ್ಟಿಕೊಡಬೇಕು, ಅಷ್ಟೇ ಲೆಕ್ಕ. ಬೆಂಗಳೂರಿನಲ್ಲಿ ಸಣ್ಣದೊಂದು ಕ್ಲೀನಿಂಗ್ ತಂಡ ನಡೆಸುತ್ತಿದ್ದೇನೆ. ಈ ಲೆಕ್ಕ ಎಷ್ಟು ತಪ್ಪು ಅನ್ನುವುದನ್ನು ಒಮ್ಮೆ ಬಿಡಿಸಿ ಹೇಳಬೇಕು ಅನ್ನಿಸಿದೆ.

ವೈಟ್‌ಫೀಲ್ಡ್ ಕಡೆಯ ಒಂದು ಮನೆಯಲ್ಲಿ ಆಗಿದ್ದು ಹೀಗೆ. ಬೆಳಿಗ್ಗೆ ಬಾಲ್ಕನಿಯ ಸ್ಲೈಡಿಂಗ್ ಡೋರ್ ಉಜ್ಜಿ ತೊಳೆದು ಮುಗಿಸಿದಾಗ ಎಲ್ಲರಿಗೂ ಖುಷಿ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಗಾಜಿನ ಹೊರಮೈ ತುಂಬ ಕೂದಲೆಳೆಯಂಥ ಗೀರುಗಳು, ಎಲ್ಲಾ ಒಂದೇ ದಿಕ್ಕಿಗೆ, ಬ್ಲೇಡ್ ಎಳೆದ ದಾರಿಯಲ್ಲೇ. ಮನೆಯವರು ಫೋನ್ ಮಾಡಿ "ನಿಮ್ಮ ಹುಡುಗ ಗಾಜು ಹಾಳು ಮಾಡಿದ್ದಾನೆ" ಅಂದರು. ರಾಯಚೂರಿನ ಹುಡುಗ, ಕೆಲಸದಲ್ಲಿ ಬಹಳ ಜೋಪಾನ. "ಅಕ್ಕಾರ, ನೀರ ಹಾಕೇ ಎಳದೀನ್ರಿ, ಬ್ಲೇಡೂ ಹೊಸಾದ ಐತ್ರಿ" ಅಂದ. ಅವನು ಹೇಳಿದ್ದು ನಿಜ. ಅದೇ ಬಾಗಿಲಿನ ಒಳಮೈ ಮೇಲೆ, ಅದೇ ಬ್ಲೇಡಿನಿಂದ, ಒಂದು ಗೀರೂ ಬಿದ್ದಿರಲಿಲ್ಲ.

ಒಂದು ಮೈಗೆ ಆಗಿ ಇನ್ನೊಂದಕ್ಕೆ ಆಗದೆ ಇರುವುದಕ್ಕೆ ಕಾರಣ ಗಾಜಿನ ಫ್ಯಾಕ್ಟರಿಯಲ್ಲಿದೆ. ಬಾಲ್ಕನಿ ಬಾಗಿಲು, ಶವರ್ ಪಾರ್ಟಿಷನ್, ಆಫೀಸ್ ಕಟ್ಟಡಗಳ ದೊಡ್ಡ ಗಾಜು, ಇವೆಲ್ಲ ಹೆಚ್ಚಾಗಿ ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು. ಅದನ್ನು ಮೊದಲು ಅಳತೆಗೆ ಕತ್ತರಿಸಿ, ಅಂಚು ಉಜ್ಜಿ, ತೊಳೆದು, ಆಮೇಲೆ 600 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿಯ ಕುಲುಮೆಯಲ್ಲಿ ಸೆರಾಮಿಕ್ ರೋಲರ್‌ಗಳ ಮೇಲೆ ಸಾಗಿಸುತ್ತಾರೆ. ಹೊರಬಂದ ಕೂಡಲೇ ಗಾಳಿ ಊದಿ ತಣ್ಣಗೆ ಮಾಡುತ್ತಾರೆ. ಅಂಚು ಉಜ್ಜಿದಾಗ ಎದ್ದ ಗಾಜಿನ ಪುಡಿಯನ್ನು ಸರಿಯಾಗಿ ತೊಳೆಯದೆ ಇದ್ದರೆ, ಅಥವಾ ರೋಲರ್‌ಗಳು ಕೊಳೆಯಾಗಿದ್ದರೆ, ಆ ಪುಡಿ ಬಿಸಿಗೆ ಗಾಜಿನ ಮೈಗೇ ಅಂಟಿಕೊಂಡು ಬಿಡುತ್ತದೆ. ರೋಲರ್‌ಗೆ ತಾಗಿದ ಮೈಯಲ್ಲಿ ಇದು ಜಾಸ್ತಿ. ಕಣ್ಣಿಗೆ ಕಾಣುವುದೇ ಇಲ್ಲ. ಬ್ಲೇಡ್ ಆ ಕಣವನ್ನು ಕಿತ್ತಾಗ ಅದು ಅಂಚಿಗೆ ಸಿಕ್ಕಿಕೊಂಡು, ಎಳೆದಷ್ಟು ದೂರ ಗೀಚುತ್ತಾ ಹೋಗುತ್ತದೆ.

ಹಾಗಂತ ನಮ್ಮವರದ್ದು ಯಾವಾಗಲೂ ತಪ್ಪಿಲ್ಲ ಅಂತ ನಾನು ಹೇಳುವುದಿಲ್ಲ. ಒಣ ಗಾಜಿನ ಮೇಲೆ ಬ್ಲೇಡ್ ಹಾಕುವುದು, ತುಕ್ಕು ಹಿಡಿದ ಬ್ಲೇಡ್ ಬಳಸುವುದು, ಒಂದೇ ದಿಕ್ಕಿಗೆ ಎಳೆದು ಎತ್ತುವ ಬದಲು ಹಿಂದಕ್ಕೂ ಮುಂದಕ್ಕೂ ತಿಕ್ಕುವುದು, ಮರಳಿನ ಧೂಳು ತೊಳೆಯುವ ಮೊದಲೇ ಬಟ್ಟೆಯಿಂದ ಉಜ್ಜುವುದು, ಇವೆಲ್ಲ ನಮ್ಮ ಕಡೆಯ ತಪ್ಪೇ. ಮರಳು ಗಾಜಿಗಿಂತ ಗಟ್ಟಿ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಮರಳಿನ ಕಣ 7, ಗಾಜು 5.5ರ ಆಸುಪಾಸು. ಕನ್ನಡಿಯಂತೆ ಹೊಳೆಯುವ ಕೋಟಿಂಗ್ ಇರುವ ಮೈಗೆ ಬ್ಲೇಡ್ ಹಾಕಿದರೆ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅಂಥ ಕಡೆ ದುಡ್ಡು ಕಟ್ಟಲೇಬೇಕು.

ಹಾಗಾಗಿ ಕ್ಲೀನಿಂಗ್‌ನ ಗೆಳೆಯರೇ, ಕೆಲಸ ಶುರು ಮಾಡುವ ಮೊದಲು ಎರಡು ನಿಮಿಷ ಕೊಡಿ. ಗಾಜಿನ ಮೂಲೆಯಲ್ಲಿ ಸಣ್ಣ ಮುದ್ರೆ ಹುಡುಕಿ, ಟಫನ್ಡ್ ಅಂತಲೋ ಐಎಸ್ 2553 (ಸುರಕ್ಷತಾ ಗಾಜಿನ ಭಾರತೀಯ ಮಾನದಂಡದ ಸಂಖ್ಯೆ) ಅಂತಲೋ ಇರುತ್ತದೆ. ಒಂದು ಮೂಲೆಯನ್ನು ಸೋಪಿನ ನೀರಿನಿಂದ ಚೆನ್ನಾಗಿ ತೊಳೆದು ಉಗುರಿನಿಂದಲೋ ಹಳೇ ಎಟಿಎಂ ಕಾರ್ಡಿನಿಂದಲೋ ಸವರಿ ನೋಡಿ. ಒಳ್ಳೆ ಗಾಜು ನುಣ್ಣಗೆ ಜಾರುತ್ತದೆ. ಕೆಟ್ಟದ್ದಾದರೆ ಬೆರಳ ತುದಿಗೆ ಸಣ್ಣ ರವೆ ಸಿಕ್ಕಿದ ಹಾಗೆ ಆಗುತ್ತದೆ, ಬ್ಲೇಡ್ ಇಟ್ಟರೆ ಕರಕರ ಸದ್ದು ಬರುತ್ತದೆ. ಸದ್ದು ಕೇಳಿದ ಕ್ಷಣವೇ ಕೈ ನಿಲ್ಲಬೇಕು. ಓನರ್ ಅನ್ನು ಕರೆದು ಅವರ ಬೆರಳಿನಿಂದಲೇ ಮುಟ್ಟಿಸಿ. ಎರಡೂ ಮೈ ಮುಟ್ಟಿ ನೋಡಿದ ಮೇಲೆ ವಾದ ಮಾಡಿದವರನ್ನು ನಾನು ಕಂಡಿಲ್ಲ.

ಅಮೆರಿಕದಲ್ಲಿ ಈ ಜಗಳ ಹಳೆಯದು. ಅಲ್ಲಿನ ಕಿಟಕಿ ತೊಳೆಯುವವರ ಸಂಘ ಐಡಬ್ಲ್ಯುಸಿಎ ಹೀಗೆ ಅಂಟಿದ ಪುಡಿಯನ್ನು ಗಾಜು ತಯಾರಿಕೆಯ ದೋಷ ಅನ್ನುತ್ತದೆ, ಗಾಜಿನವರು ಬ್ಲೇಡನ್ನೇ ಹಾಕಬೇಡಿ ಅನ್ನುತ್ತಾರೆ. ಅಲ್ಲಿ ಎಷ್ಟೋ ಕ್ಲೀನಿಂಗ್‌ನವರು, ಗೀರು ಬಿದ್ದರೆ ತಾವು ಹೊಣೆಯಲ್ಲ ಅನ್ನುವ ಕಾಗದಕ್ಕೆ ಗ್ರಾಹಕರ ಸಹಿ ಇಲ್ಲದೆ ಬ್ಲೇಡ್ ಮುಟ್ಟುವುದಿಲ್ಲ. ಬ್ಲೇಡ್ ಹಾಕಬೇಡಿ ಅನ್ನುವುದು ಸುಲಭ, ಆದರೆ ಒಣಗಿದ ಪೇಂಟ್ ಮತ್ತು ಸಿಮೆಂಟ್ ಚುಕ್ಕೆ ಬರೀ ಬಟ್ಟೆಗೆ ಬರುವುದಿಲ್ಲವಲ್ಲ. ಕಟ್ಟಡದ ಕೆಲಸ ನಡೆಯುವಾಗಲೇ ಗಾಜಿಗೆ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿಟ್ಟರೆ ಈ ಗೋಳೇ ಇರುತ್ತಿರಲಿಲ್ಲ. ಆ ಸಣ್ಣ ಖರ್ಚು ಉಳಿಸಿದವರು ಯಾರು, ದಂಡ ತೆರುವವರು ಯಾರು ನೋಡಿ.

ದಂಡವೂ ಸಣ್ಣದಲ್ಲ. ಟಫನ್ಡ್ ಗಾಜನ್ನು ಸೈಟಿನಲ್ಲಿ ಕತ್ತರಿಸಲು ಆಗುವುದಿಲ್ಲ, ಕತ್ತರಿಸಲು ಹೋದರೆ ಪೂರ್ತಿ ಪುಡಿಯಾಗುತ್ತದೆ. ಹೊಸದನ್ನು ಅಳತೆ ಕೊಟ್ಟೇ ಮಾಡಿಸಬೇಕು, ಪಕ್ಕದ ಗಾಜಿನ ಬಣ್ಣಕ್ಕೂ ಹೊಂದಬೇಕು. ಸೀರಿಯಂ ಆಕ್ಸೈಡ್ ಅನ್ನುವ ಪುಡಿ ಹಾಕಿ ಪಾಲಿಶ್ ಮಾಡಿದರೆ ಮೇಲುಮೇಲಿನ ಗೀರು ಹೋಗುತ್ತದೆ. ಉಗುರಿಗೆ ಸಿಗುವಷ್ಟು ಆಳ ಇದ್ದರೆ ಪಾಲಿಶ್ ಮಾಡಿದ ಜಾಗದಲ್ಲಿ ಹೊರಗಿನ ನೋಟ ಅಲುಗಿದಂತೆ ಕಾಣುತ್ತದೆ, ಅದು ಗೀರಿಗಿಂತ ಕಿರಿಕಿರಿ.

ಈಗ ಇನ್ಶೂರೆನ್ಸ್. "ನಮ್ಮತ್ರ ಪಾಲಿಸಿ ಇದೆ ಸಾರ್, ಚಿಂತೆ ಬೇಡ" ಅಂತ ಗ್ರಾಹಕರಿಗೆ ಹೇಳುವ ಗೆಳೆಯರೇ, ದಯವಿಟ್ಟು ಪಾಲಿಸಿಯಲ್ಲಿ ಏನೇನು ಕವರ್ ಆಗುವುದಿಲ್ಲ ಅನ್ನುವ ಪುಟ ಓದಿ. ನಮ್ಮಂಥವರು ತೆಗೆದುಕೊಳ್ಳುವುದು ಕಮರ್ಷಿಯಲ್ ಜನರಲ್ ಲಯಬಿಲಿಟಿ ಪಾಲಿಸಿ. ನಮ್ಮ ಕೆಲಸದಿಂದ ಬೇರೆಯವರ ಮೈಗೋ ಆಸ್ತಿಗೋ ಪೆಟ್ಟಾದರೆ ಅದು ಕೊಡುತ್ತದೆ. ಎಂಟನೇ ಮಹಡಿಯಿಂದ ವೈಪರ್ ಬಿದ್ದು ಕೆಳಗಿನ ಕಾರಿನ ಗಾಜು ಒಡೆಯಿತು, ಕವರ್ ಆಗುತ್ತದೆ. ಬಕೆಟ್ ಉರುಳಿ ಪಕ್ಕದ ಕೋಣೆಯ ಮರದ ನೆಲ ಉಬ್ಬಿತು, ಆಗುತ್ತದೆ. ಆದರೆ ನೀವು ಕೆಲಸ ಮಾಡುತ್ತಿದ್ದ ವಸ್ತುವೇ, ಅಂದರೆ ನಿಮ್ಮ ಕೈಯಲ್ಲಿದ್ದ ಆ ಗಾಜೇ ಹಾಳಾದರೆ ಸಾಮಾನ್ಯವಾಗಿ ಕವರ್ ಇಲ್ಲ. ನಿಮ್ಮ ವಶದಲ್ಲಿರುವ ವಸ್ತುವನ್ನು ಹೀಗೆ ಹೊರಗಿಡುವ ಷರತ್ತಿಗೆ ಕೇರ್, ಕಸ್ಟಡಿ, ಕಂಟ್ರೋಲ್ ಅನ್ನುತ್ತಾರೆ. ನಮ್ಮ ಕಸುಬಿಗೆ ಮುಖ್ಯವಾಗಿ ಬೇಕಾದದ್ದೇ ಪಾಲಿಸಿಯ ಹೊರಗಿದೆ! ಇಂಗ್ಲೆಂಡಿನಲ್ಲಿ ಕ್ಲೀನಿಂಗ್‌ನವರು ಇದಕ್ಕೆಂದೇ ಬೇರೆ ಕವರ್ ಸೇರಿಸಿಕೊಳ್ಳುತ್ತಾರೆ. ನಮ್ಮಲ್ಲೂ ಏಜೆಂಟರ ಹತ್ತಿರ ಬಾಯಿಬಿಟ್ಟು ಕೇಳಿ: "ಕೇರ್, ಕಸ್ಟಡಿ, ಕಂಟ್ರೋಲ್ ಹೊರಗಿಟ್ಟಿದ್ದೀರಾ? ಅದನ್ನು ಸೇರಿಸಿಕೊಡುತ್ತೀರಾ? ಎಷ್ಟು ಮೊತ್ತದವರೆಗೆ?" ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ. ಫೋನಿನಲ್ಲಿ "ಎಲ್ಲಾ ಬರುತ್ತೆ ಮೇಡಂ" ಅಂದದ್ದು ಕ್ಲೇಮ್ ದಿನ ಸಾಕ್ಷಿಗೆ ಬರುವುದಿಲ್ಲ.

ಬಿಲ್ಡಿಂಗ್‌ನವರು ಮಾಡಿಸಿದ ಪ್ಲೇಟ್ ಗ್ಲಾಸ್ ಇನ್ಶೂರೆನ್ಸ್ ಇದ್ದರೂ ಇಲ್ಲಿ ಉಪಯೋಗ ಕಡಿಮೆ. ಅದು ಗಾಜು ಒಡೆದರೆ ಕೊಡುವಂಥದ್ದು, ಬರೀ ಗೀರಿಗೆ ಅಲ್ಲ.

ಇನ್ನೊಂದು ಮಾತು. ಗೀರು ಕಂಡ ಕೂಡಲೇ ಗಾಬರಿಯಲ್ಲಿ "ತಪ್ಪಾಯ್ತು ಸಾರ್, ಹೊಸದು ಹಾಕಿಸಿಕೊಡುತ್ತೇವೆ" ಅನ್ನಬೇಡಿ. ಇನ್ಶೂರೆನ್ಸ್ ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳಬಾರದು ಅನ್ನುವ ಷರತ್ತು ಇಂಥ ಪಾಲಿಸಿಗಳಲ್ಲಿ ಇರುತ್ತದೆ. ನಿಮ್ಮ ಒಳ್ಳೆತನದಿಂದಲೇ ಕ್ಲೇಮ್ ಹೋಗಬಹುದು. ಬೇಜಾರಾಗಿದೆ ಅನ್ನಿ, ಫೋಟೊ ತೆಗೆಯಿರಿ, ಅದೇ ದಿನ ಕಂಪನಿಗೆ ಬರೆಯಿರಿ. ಗ್ರಾಹಕರು 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಆಯೋಗಕ್ಕೆ ಹೋಗಬಹುದು, ಅದು ಅವರ ಹಕ್ಕು. ಆದರೆ ಸೇವೆಯಲ್ಲಿ ಲೋಪ ಇತ್ತು ಎಂದು ತೋರಿಸುವ ಹೊಣೆ ದೂರು ಕೊಟ್ಟವರದ್ದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಕೆಲಸಕ್ಕೆ ಮುಂಚಿನ ಫೋಟೊ ನಿಮ್ಮ ಹತ್ತಿರ ಇದ್ದರೆ ಮಾತಾಡಲು ಬಲ ಬರುತ್ತದೆ.

ನನಗೆ ತಡೆಯಲಾರದಷ್ಟು ಸಿಟ್ಟು ಬರುವುದು ಗೀರಿನ ದುಡ್ಡನ್ನು ಹುಡುಗರ ಕೂಲಿಯಿಂದ ಮುರಿದುಕೊಳ್ಳುವವರ ಮೇಲೆ. ಕೂಲಿ, ಸಂಬಳದ ಕಾನೂನಾದ ವೇತನ ಸಂಹಿತೆ 2019 ಇದನ್ನು ಹಾಗೆ ಸುಮ್ನೆ ಬಿಡುವುದಿಲ್ಲ. ಹಾನಿಗೆಂದು ಸಂಬಳ ಹಿಡಿಯಬೇಕಾದರೆ ಅದು ನೇರವಾಗಿ ಆ ಕೆಲಸಗಾರನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮೊದಲು ಅವನ ಮಾತು ಕೇಳಬೇಕು. ಕುಲುಮೆಯಲ್ಲಿ ಅಂಟಿಕೊಂಡ ಪುಡಿಗೆ ರಾಯಚೂರಿನ ಹುಡುಗ ಹೇಗೆ ಹೊಣೆ? ವೈಟ್‌ಫೀಲ್ಡ್ ಮನೆಯವರಿಗೆ ಎರಡೂ ಮೈ ತೋರಿಸಿದ ಮೇಲೆ ಅವರೇ ಬಿಲ್ಡರ್‌ಗೆ ಬರೆದರು. ಅವನ ಕೂಲಿಗೆ ಯಾರೂ ಕೈ ಹಾಕಲಿಲ್ಲ.

ನಾವು ಈಗ ಕೆಲಸಕ್ಕೆ ಮುಂಚೆ ಓನರ್‌ಗೆ ವಾಟ್ಸಾಪ್‌ನಲ್ಲಿ ಕಳಿಸುವ ಸಾಲುಗಳು ಇವು, ಬೇಕಾದವರು ಬಳಸಿಕೊಳ್ಳಿ:

"ನಿಮ್ಮ ಗಾಜಿನ ಮೇಲೆ ಈಗಾಗಲೇ ಇರುವ ಗೀರು, ಕಲೆಗಳ ಫೋಟೊ ಇದರ ಜೊತೆ ಇದೆ. ಇದು ಟಫನ್ಡ್ ಗಾಜು, ಹೊರಮೈ ಒರಟಾಗಿದೆ, ನೀವೂ ಮುಟ್ಟಿ ನೋಡಿದ್ದೀರಿ. ಪೇಂಟ್ ಮತ್ತು ಸಿಮೆಂಟ್ ಚುಕ್ಕೆ ತೆಗೆಯಲು ಬ್ಲೇಡ್ ಬೇಕು. ಬ್ಲೇಡ್ ಹಾಕಿದರೆ ಗಾಜಿನ ದೋಷದಿಂದ ಗೀರು ಬೀಳುವ ಸಾಧ್ಯತೆ ಇದೆ, ಅದಕ್ಕೆ ನಾವು ಹೊಣೆಯಲ್ಲ. ನಮ್ಮ ಅಜಾಗರೂಕತೆಯಿಂದ ಆದ ಹಾನಿಗೆ ನಾವೇ ಹೊಣೆ. ಬ್ಲೇಡ್ ಹಾಕಬೇಕೆ, ಬೇಡವೆ ತಿಳಿಸಿ. ಉತ್ತರ ಬಂದ ಮೇಲೆ ಕೆಲಸ ಶುರು ಮಾಡುತ್ತೇವೆ."